ಕವಚದ ಕ್ಯಾಟ್‌ಫಿಶ್: ಗುರುತು ಹಿಡಿಯುವ ಮತ್ತು ಸಾಕುವ ಬಗೆ

ಅಕ್ವೇರಿಯಂ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಎಂದಾದರೂ ಒಂದು ಕವಚದ ಕ್ಯಾಟ್‌ಫಿಶ್ ಕೊಂಡಿರುತ್ತಾರೆ. ಕೊಳ್ಳುವಾಗ ಅವರಿಗೆ ಸಿಕ್ಕಿರುವ ವಿವರಣೆ ಸಾಮಾನ್ಯವಾಗಿ ಒಂದೇ ಸಾಲಿನದು: ಇದು ಪಾಚಿ ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತದೆ. ಈ ಒಂದು ಮಾತಿನಿಂದ ಸತ್ತಷ್ಟು ಮೀನುಗಳು ಯಾವ ಕಾಯಿಲೆಯಿಂದಲೂ ಸತ್ತಿರಲಾರವು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಈ ಗುಂಪಿನಲ್ಲಿ 4 ಸೆಂಟಿಮೀಟರಿಗೆ ಬೆಳವಣಿಗೆ ನಿಲ್ಲಿಸುವ ಮೀನೂ ಇದೆ, 40 ಸೆಂಟಿಮೀಟರ್ ಮುಟ್ಟುವ ಮೀನೂ ಇದೆ. ದಿನವಿಡೀ ಪಾಚಿ ಹೆರೆಯುವುದೂ ಇದೆ, ಪಾಚಿಯನ್ನು ಮೂಸಿಯೂ ನೋಡದ್ದೂ ಇದೆ. ಮರಿಯಾಗಿದ್ದಾಗ ಇವುಗಳಲ್ಲಿ ಹಲವು ಒಂದೇ ತರಹ ಕಾಣುತ್ತವೆ. ಆದ್ದರಿಂದ ತೊಟ್ಟಿ, ಫಿಲ್ಟರ್, ಆಹಾರ ಇವೆಲ್ಲದರ ಲೆಕ್ಕಕ್ಕೆ ಇಳಿಯುವ ಮೊದಲು ಎದುರಿಗಿರುವ ಮೀನು ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಮೊದಲ ನೋಟ: ಮೈಮೇಲಿನ ಫಲಕಗಳು

ಸಾಮಾನ್ಯ ಕ್ಯಾಟ್‌ಫಿಶ್‌ಗಳ ಮೈ ಬೋಳು ಚರ್ಮದ್ದು. ಅವುಗಳಿಗೆ ಹುರುಪೆ ಇರುವುದಿಲ್ಲ. ಕವಚದ ಕ್ಯಾಟ್‌ಫಿಶ್‌ಗಳಲ್ಲಿ ಆ ಚರ್ಮದ ಮೇಲೆ ಎಲುಬಿನ ಫಲಕಗಳು ಬೆಳೆದಿರುತ್ತವೆ. ಅಕ್ವೇರಿಯಂಗೆ ಬರುವ ಇಂಥ ಮೀನುಗಳೆಲ್ಲ ಬಹುಮಟ್ಟಿಗೆ ದಕ್ಷಿಣ ಅಮೆರಿಕದ ನದಿಗಳವು, ಮತ್ತು ಅವು ಮೂರು ಕುಟುಂಬಗಳಿಗೆ ಸೇರಿದವು. ಮೀನನ್ನು ಪಕ್ಕದಿಂದ ನೋಡಿದರೆ ಆ ಮೂರನ್ನು ಬೇರ್ಪಡಿಸಲು ಅರ್ಧ ನಿಮಿಷ ಸಾಕು.

ಕ್ಯಾಲಿಕ್ತಿಡೇ ಕುಟುಂಬದ ಮೀನುಗಳ ಪಕ್ಕೆಯಲ್ಲಿ ಫಲಕಗಳು ಎರಡೇ ಸಾಲು: ಮೇಲೊಂದು, ಕೆಳಗೊಂದು. ಎರಡೂ ಸಾಲಿನ ಫಲಕಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಏರಿಕೊಂಡು, ಪಕ್ಕೆಯ ನಡುವೆ ಒಂದು ಗೆರೆಯಲ್ಲಿ ಕೂಡುತ್ತವೆ. ಬಾಯಿ ಚಿಕ್ಕದು, ಅದರ ಸುತ್ತ ಗಿಡ್ಡ ಮೀಸೆಗಳಿರುತ್ತವೆ. ಕೋರಿಡೋರಾಸ್ ಮೀನುಗಳು ಈ ಕುಟುಂಬದವು. ಲೋರಿಕಾರಿಡೇ ಕುಟುಂಬದವುಗಳಿಗೆ ಫಲಕಗಳು ಹಲವು ಸಾಲು. ಫಲಕಗಳ ಮೇಲೆ ಸೂಕ್ಷ್ಮವಾದ ಹಲ್ಲಿನಂಥ ಮುಳ್ಳುಗಳಿರುವುದರಿಂದ ಮುಟ್ಟಿದರೆ ಮರಳು ಕಾಗದದಂತೆ ತರತರಿ. ಬಾಯಿ ಹೊಟ್ಟೆಯ ಕಡೆಗಿದ್ದು ಬಟ್ಟಲಿನಂತೆ ಗಾಜಿಗೆ ಅಂಟಿಕೊಳ್ಳುತ್ತದೆ. ಪ್ಲೆಕೊ ಅಥವಾ ಸಕರ್ ಮೀನು ಎಂದು ಕರೆಯುವುದು ಇವನ್ನೇ. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬ ಕ್ಯಾಟ್‌ಫಿಶ್‌ಗಳಲ್ಲೇ ಅತಿ ದೊಡ್ಡದು. ಮೂರನೆಯದಾದ ಡೊರಾಡಿಡೇ ಕುಟುಂಬದಲ್ಲಿ ಪಕ್ಕೆಯ ಉದ್ದಕ್ಕೂ ಫಲಕಗಳ ಒಂದೇ ಸಾಲಿದ್ದು, ಪ್ರತಿ ಫಲಕದ ನಡುವೆ ಹಿಂದಕ್ಕೆ ಬಾಗಿದ ಕೊಕ್ಕೆಮುಳ್ಳು ಇರುತ್ತದೆ. ಕಪ್ಪು ಬಿಳಿ ಪಟ್ಟೆಗಳ ಪ್ಲಾಟಿಡೋರಾಸ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ನೀರಿನಿಂದ ಎತ್ತಿದಾಗ ಅದು ಎದೆಯ ಮುಳ್ಳನ್ನು ಕೀಲಿನಲ್ಲಿ ತಿರುಗಿಸಿ ಗೊರಗೊರ ಸದ್ದು ಮಾಡುತ್ತದೆ. ಮೊದಲ ಸಲ ಕೇಳಿದವರು ಬಲೆಯನ್ನು ಕೈಬಿಡುವುದುಂಟು.

ಗಾಜಿಗೆ ಅಂಟಿಕೊಂಡ ಮಾತ್ರಕ್ಕೆ ಅದು ಪ್ಲೆಕೊ ಆಗಿರಬೇಕೆಂದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಪಾಚಿಮೀನು ಎಂದು ಮಾರಾಟವಾಗುವ ಗೈರಿನೊಕೈಲಸ್ ಏಷ್ಯಾದ ಮೀನು, ಕ್ಯಾಟ್‌ಫಿಶ್ ಅಲ್ಲವೇ ಅಲ್ಲ. ಅದರ ಮೈಮೇಲೆ ಮಾಮೂಲಿ ಹುರುಪೆಗಳಿರುತ್ತವೆ, ಫಲಕಗಳಿರುವುದಿಲ್ಲ. ದೊಡ್ಡದಾದ ಮೇಲೆ ಅದು ಪಾಚಿ ಬಿಟ್ಟು ಬೇರೆ ಮೀನುಗಳ ಮೈಗೆ ಅಂಟಿಕೊಳ್ಳಲು ತೊಡಗುತ್ತದೆ.

ಪ್ಲೆಕೊ ಯಾವುದು: ಬೆನ್ನುರೆಕ್ಕೆಯ ಕಡ್ಡಿಗಳನ್ನು ಎಣಿಸಿ

ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ಅಂಗಡಿಯಲ್ಲಿ ಪ್ಲೆಕೊ ಎಂಬ ಚೀಟಿಯಡಿ 5 ಸೆಂಟಿಮೀಟರಿನ ಕಂದು ಮರಿಗಳು ಒಟ್ಟಾಗಿ ಕುಳಿತಿರುತ್ತವೆ. ಅವು ಹೈಪೊಸ್ಟೊಮಸ್ ಇರಬಹುದು, ಟೆರಿಗೊಪ್ಲಿಕ್ತಿಸ್ ಇರಬಹುದು, ಆನ್ಸಿಸ್ಟ್ರಸ್ ಇರಬಹುದು. ಮೊದಲನೆಯದು ಪ್ರಭೇದವನ್ನು ಅವಲಂಬಿಸಿ ದೊಡ್ಡದಾಗುತ್ತದೆ. ಎರಡನೆಯದು 40 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಬೆಳೆಯುತ್ತದೆ. ಮೂರನೆಯದು 12ರಿಂದ 15 ಸೆಂಟಿಮೀಟರಿಗೆ ನಿಲ್ಲುತ್ತದೆ. ಮನೆಯ ತೊಟ್ಟಿಗೆ ಹೊಂದುವುದು ಸಾಮಾನ್ಯವಾಗಿ ಮೂರನೆಯದು ಮಾತ್ರ.

ಎಣಿಕೆಯ ವಿಧಾನ ಹೀಗಿದೆ. ಮೀನು ಗಾಜಿಗೆ ಅಂಟಿಕೊಂಡಿರುವಾಗ ಅಥವಾ ಪ್ಲಾಸ್ಟಿಕ್ ಚೀಲದಲ್ಲಿರುವಾಗ ಹಿಂದಿನಿಂದ ಫೋನಿನ ಟಾರ್ಚ್ ಹಿಡಿಯಿರಿ. ಬೆನ್ನುರೆಕ್ಕೆ ಬಿಚ್ಚಿಕೊಂಡ ಕ್ಷಣದಲ್ಲಿ ಫೋಟೊ ತೆಗೆದುಕೊಂಡು, ಮುಂದಿನ ದಪ್ಪ ಮುಳ್ಳನ್ನು ಬಿಟ್ಟು ಅದರ ಹಿಂದಿನ ಮೃದುವಾದ ಕಡ್ಡಿಗಳನ್ನು ನಿಧಾನವಾಗಿ ಎಣಿಸಿರಿ. ಏಳು ಇದ್ದರೆ ಅದು ಹೈಪೊಸ್ಟೊಮಸ್ ಅಥವಾ ಆನ್ಸಿಸ್ಟ್ರಸ್ ಇರಬಹುದು. ಹತ್ತು ಅಥವಾ ಹೆಚ್ಚಿದ್ದರೆ, ಮತ್ತು ರೆಕ್ಕೆ ಹಡಗಿನ ಪಟದಂತೆ ಅಗಲವಾಗಿದ್ದರೆ, ಅದು ಬಹುತೇಕ ಟೆರಿಗೊಪ್ಲಿಕ್ತಿಸ್. ನಾನು ಮೊದಲ ಪ್ಲೆಕೊ ಕೊಂಡ ಕಾಲಕ್ಕೆ ಈ ಎಣಿಕೆ ಗೊತ್ತಿರಲಿಲ್ಲ. ಚಿಕ್ಕ ಜಾತಿಯದೆಂಬ ಮಾತು ನಂಬಿ ತಂದ ಮರಿ, ಎರಡು ವರ್ಷದೊಳಗೆ ತೊಟ್ಟಿಯ ಅಗಲಕ್ಕೆ ಅಡ್ಡಲಾಗಿ ತಿರುಗಲಾರದಷ್ಟು ಬೆಳೆದಿತ್ತು. ಆಮೇಲೆ ಹಳೆಯ ಫೋಟೊ ಹುಡುಕಿ ಎಣಿಸಿದರೆ ಕಡ್ಡಿಗಳು ಹನ್ನೆರಡು.

ಏಳು ಕಡ್ಡಿಗಳ ಮೀನಿನಲ್ಲಿ ಮುಂದಿನ ಪರೀಕ್ಷೆ ಮೂತಿಯದು. ಆನ್ಸಿಸ್ಟ್ರಸ್‌ನ ತಲೆ ಅಗಲ, ಮೈ ಚಪ್ಪಟೆ, ಮೂತಿಯ ಅಂಚು ಫಲಕವಿಲ್ಲದ ಮೆತ್ತನೆಯ ಚರ್ಮದ್ದು. ಗಂಡು 5 ಸೆಂಟಿಮೀಟರ್ ದಾಟಿದ ಮೇಲೆ ಆ ಚರ್ಮದಲ್ಲಿ ಕವಲೊಡೆದ ಎಳೆಗಳು ಮೂಡಿ, ಬೆಳೆದಂತೆ ಹಣೆಯವರೆಗೂ ಹಬ್ಬುತ್ತವೆ. ಹೆಣ್ಣಿಗೆ ಎಳೆಗಳಿದ್ದರೂ ಮೂತಿಯ ಅಂಚಿನಲ್ಲಿ ಗಿಡ್ಡವಾಗಿರುತ್ತವೆ. ಇನ್ನು ಓಟೊಸಿಂಕ್ಲಸ್ ಎಂಬ ಕಿರುಮೀನು 4 ಸೆಂಟಿಮೀಟರ್ ಆಸುಪಾಸಿನದು, ಮೂತಿಯಿಂದ ಬಾಲದವರೆಗೆ ಕಪ್ಪು ಗೆರೆಯಿರುತ್ತದೆ. ಪ್ಲೆಕೊ ಮರಿಯಲ್ಲ, ಅದರ ಪೂರ್ಣ ಗಾತ್ರವೇ ಅಷ್ಟು. ಮರ ಹೆರೆಯುವ ಪನಾಕೆಯ ಹಲ್ಲುಗಳು ಚಮಚದ ಆಕಾರದಲ್ಲಿರುತ್ತವೆ. ಪಟ್ಟೆಗಳ ಪನಾಕೆ ನಿಗ್ರೊಲಿನಿಯೇಟಸ್ 40 ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಅದರ ಚೆಲುವಿಗೆ ಮರುಳಾಗುವ ಮುನ್ನ ಮನೆಯ ಗೋಡೆಯನ್ನೊಮ್ಮೆ ಅಳೆದು ನೋಡುವುದು ಒಳ್ಳೆಯದು.

ಪ್ಲೆಕೊಗಳ ಹೆಸರಿನ ಮುಂದೆ ಎಲ್ ಅಕ್ಷರ ಮತ್ತು ಅಂಕಿ ಇರುವುದನ್ನು ಕಾಣುತ್ತೇವೆ. ವಿಜ್ಞಾನಿಗಳು ಹೆಸರಿಡುವುದಕ್ಕಿಂತ ಬೇಗ ಹೊಸ ಮೀನುಗಳು ಮಾರುಕಟ್ಟೆಗೆ ಬರುತ್ತಿದ್ದುದರಿಂದ ಜರ್ಮನಿಯ ಡಾಟ್ಸ್ ಎಂಬ ಅಕ್ವೇರಿಯಂ ಪತ್ರಿಕೆ 1988ರಲ್ಲಿ ಈ ಕ್ರಮವನ್ನು ಆರಂಭಿಸಿತು. ಒಂದೇ ಪ್ರಭೇದಕ್ಕೆ ಎರಡು ಮೂರು ಅಂಕಿಗಳು ಬಿದ್ದಿರುವುದೂ ಉಂಟು. ಆದರೂ ಗಾತ್ರ, ಆಹಾರ ಹುಡುಕಲು ರೂಢಿಯ ಹೆಸರಿಗಿಂತ ಈ ಅಂಕಿಯೇ ನಂಬಿಕೆಗೆ ಯೋಗ್ಯ. ಕಪ್ಪು ಬಿಳಿ ಪಟ್ಟೆಯ ಎಲ್ 046, ಅಂದರೆ ಹೈಪಾನ್ಸಿಸ್ಟ್ರಸ್ ಜೀಬ್ರಾ, ಬ್ರೆಜಿಲ್‌ನ ಶಿಂಗು ನದಿಯಲ್ಲಿ ಮಾತ್ರ ಇರುವ ಮೀನು. ಅದು ಈಗ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ, ತೊಟ್ಟಿಯಲ್ಲೇ ಮರಿ ಮಾಡಿಸಿದ್ದೆಂಬ ದಾಖಲೆಯಿಲ್ಲದೆ ಕೊಳ್ಳಬಾರದು.

ಕೋರಿಡೋರಾಸ್‌ಗಳಲ್ಲಿ ಗುರುತಿನ ತಪ್ಪು ಅಷ್ಟು ದುಬಾರಿಯಲ್ಲ, ಏಕೆಂದರೆ ಹೆಚ್ಚಿನವು 5ರಿಂದ 7 ಸೆಂಟಿಮೀಟರಿನವು. ಆದರೆ ಅವುಗಳ ಹೆಸರುಗಳು ಈಚೆಗೆ ಬದಲಾಗಿವೆ. 2024ರ ಪರಿಷ್ಕರಣೆಯಲ್ಲಿ ಹಳೆಯ ಕೋರಿಡೋರಾಸ್ ಕುಲವನ್ನು ಹಲವು ಕುಲಗಳಾಗಿ ಹಂಚಲಾಯಿತು: ಕಂಚುಬಣ್ಣದ ಕೋರಿ ಈಗ ಆಸ್ಟಿಯೋಗ್ಯಾಸ್ಟರ್ ಈನಿಯಾ, ಚುಕ್ಕೆಗಳ ಪೇಲಿಯೇಟಮ್ ಮತ್ತು ಪಾಂಡಾ ಕೋರಿಗಳು ಹೊಪ್ಲಿಸೋಮ, ಮೂರು ಸೆಂಟಿಮೀಟರ್ ಸಹ ದಾಟದ ಪಿಗ್ಮಿ ಕೋರಿ ಗ್ಯಾಸ್ಟ್ರೊಡರ್ಮಸ್. ಅಂಗಡಿಗಳಲ್ಲಿ ಹಳೆಯ ಹೆಸರೇ ಇನ್ನೂ ಬಹುಕಾಲ ನಡೆಯುತ್ತದೆ, ಹಾಗಾಗಿ ಎರಡನ್ನೂ ಬರೆದಿಟ್ಟುಕೊಳ್ಳಿ. ಇವುಗಳ ನಡುವೆ ನಿಜವಾಗಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಉಷ್ಣತೆಯದು. ಪೇಲಿಯೇಟಮ್‌ಗೆ 20ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ, ಪಾಂಡಾಕ್ಕೆ ಹೆಚ್ಚೆಂದರೆ 25. ಕಪ್ಪು ಮೈಮೇಲೆ ಬಿಳಿ ಚುಕ್ಕೆ, ಕಿತ್ತಳೆ ಎದೆಮುಳ್ಳು ಇರುವ ಸ್ಟೆರ್ಬೈ ಮಾತ್ರ 28ರವರೆಗೂ ಆರಾಮವಾಗಿರುತ್ತದೆ. ನಿಮ್ಮ ತೊಟ್ಟಿಯ ನೀರು ವರ್ಷದ ಹೆಚ್ಚು ಕಾಲ 27ರ ಮೇಲಿರುವುದಾದರೆ ಸ್ಟೆರ್ಬೈಯನ್ನೇ ಆರಿಸಿಕೊಳ್ಳಿ.

ಕೊಳ್ಳುವ ಮುನ್ನ ಹೊಟ್ಟೆ ನೋಡಿ

ಆರೋಗ್ಯ ತಿಳಿಯಲು ಬಣ್ಣಕ್ಕಿಂತ ಹೊಟ್ಟೆ ಒಳ್ಳೆಯ ಸಾಕ್ಷಿ. ಸಕರ್ ಮೀನು ಗಾಜಿಗೆ ಅಂಟಿದಾಗ ಹೊಟ್ಟೆ ನಮ್ಮೆದುರಿಗೇ ಇರುತ್ತದೆ: ಅದು ತುಂಬಿ ಸ್ವಲ್ಪ ಉಬ್ಬಿರಬೇಕು. ಒಳಕ್ಕೆ ಕುಸಿದು ತಗ್ಗು ಬಿದ್ದಿದ್ದರೆ, ಕಣ್ಣುಗಳೂ ಗುಳಿ ಬಿದ್ದಿದ್ದರೆ, ಆ ಮೀನು ವಾರಗಟ್ಟಲೆ ಉಪವಾಸವಿದೆ ಎಂದರ್ಥ. ಅಂಥದ್ದು ಕೊನೆಗೆ ತಿನ್ನಲು ತೊಡಗಿದರೂ ಉಳಿಯುವುದು ಕಡಿಮೆ. ಓಟೊಸಿಂಕ್ಲಸ್‌ಗಳಲ್ಲಿ ಹೆಚ್ಚಿನವು ಕಾಡಿನ ನದಿಗಳಿಂದ ಹಿಡಿದು ತಂದವಾದ್ದರಿಂದ ಅವುಗಳಲ್ಲಿ ಈ ಪರೀಕ್ಷೆ ತಪ್ಪಿಸಲೇಬಾರದು. ಕೋರಿಗಳಲ್ಲಿ ಮೀಸೆಗಳು ಪೂರ್ತಿ ಉದ್ದವಿರಬೇಕು, ಹೊಟ್ಟೆಯ ಕೆಳಗೆ ಕೆಂಪು ಕಲೆಗಳಿರಬಾರದು.

ಪ್ಲೆಕೊಗಳ ಕಣ್ಣು ನೋಡಿ ಗಾಬರಿಯಾಗುವವರಿಗೆ ಒಂದು ಮಾತು. ಬೆಳಕು ಹೆಚ್ಚಾದಾಗ ಅವುಗಳ ಕಣ್ಣಿನ ಮೇಲಂಚಿನಿಂದ ನಾಲಿಗೆಯಂಥ ಒಂದು ಪದರ ಇಳಿದು ಪಾಪೆಯನ್ನು ಮರೆಮಾಡುತ್ತದೆ, ಪಾಪೆ ಅರ್ಧಚಂದ್ರದಂತೆ ಕಾಣುತ್ತದೆ. ಅದು ರೋಗವಲ್ಲ, ದೀಪ ಆರಿಸಿದರೆ ಪದರ ಮೇಲೆ ಸರಿದು ಪಾಪೆ ಮತ್ತೆ ದುಂಡಗಾಗುತ್ತದೆ.

ತೊಟ್ಟಿಯ ಸಿದ್ಧತೆ

ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 60×30×30 ಅಳತೆಯ 54 ಲೀಟರಿನ ತೊಟ್ಟಿಯಲ್ಲಿ ಆರು ಚಿಕ್ಕ ಕೋರಿಗಳನ್ನು ಇಡಬಹುದು. ಒಂದು ಆನ್ಸಿಸ್ಟ್ರಸ್‌ಗೆ 100 ಲೀಟರ್ ಇದ್ದರೆ ಚೆನ್ನ. ಟೆರಿಗೊಪ್ಲಿಕ್ತಿಸ್‌ಗೆ 180×60×60, ಅಂದರೆ ಸುಮಾರು 650 ಲೀಟರ್, ಕನಿಷ್ಠ ಎಂದಿಟ್ಟುಕೊಳ್ಳಿ. ಇವೆಲ್ಲ ತಳದಲ್ಲಿ ಬಾಳುವ ಮೀನುಗಳಾದ್ದರಿಂದ ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ. ಎತ್ತರದ ಕಿರಿದಾದ ತೊಟ್ಟಿ ಲೀಟರ್ ಲೆಕ್ಕದಲ್ಲಿ ದೊಡ್ಡದಾದರೂ ಇವುಗಳಿಗೆ ಇಕ್ಕಟ್ಟೇ.

ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡಬೇಡಿ. ಮೀನಿನ ಮಲಮೂತ್ರದ ಅಮೋನಿಯವನ್ನು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಕೋರಿ, ಆನ್ಸಿಸ್ಟ್ರಸ್‌ಗಳನ್ನು ತರಬಹುದು. ಓಟೊಸಿಂಕ್ಲಸ್‌ಗೆ ಮಾತ್ರ ಇನ್ನೂ ಕೆಲವು ತಿಂಗಳು ಕಾಯಿರಿ, ಏಕೆಂದರೆ ಅದು ಮೇಯುವ ಕಂದು ಪಾಚಿ ಮತ್ತು ತೆಳುಪೊರೆ ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ, ಕೆಲವೆಡೆ ಅದರ ಬದಲು ಬೆರೆಸುವ ಕ್ಲೋರಮೈನ್ ಹೋಗುವುದಿಲ್ಲ. ಅದನ್ನು ಕಳೆಯಲು ಅಕ್ವೇರಿಯಂ ನೀರಿಗೆಂದೇ ಮಾರುವ ಕಂಡೀಷನರ್ ದ್ರಾವಣ ಹಾಕಲೇಬೇಕು.

ಕೋರಿಗಳಿಗೆ ತಳದಲ್ಲಿ ನುಣುಪಾದ ಸಣ್ಣ ಮರಳು ಹಾಕಿ. ಏಕೆ ಎಂಬುದನ್ನು ಐದು ನಿಮಿಷ ತೊಟ್ಟಿಯ ಮುಂದೆ ಕುಳಿತರೆ ತಿಳಿಯುತ್ತದೆ. ಕೋರಿ ಮೂತಿಯನ್ನು ಕಣ್ಣಿನವರೆಗೂ ಮರಳಿನೊಳಗೆ ಹುಗಿಯುತ್ತದೆ, ಬಾಯ್ತುಂಬ ಮರಳು ಎಳೆದುಕೊಳ್ಳುತ್ತದೆ, ತಿನ್ನುವಂಥದ್ದನ್ನು ಉಳಿಸಿಕೊಂಡು ಮರಳನ್ನು ಕಿವಿರುಗಳಿಂದ ಎರಡು ಸಣ್ಣ ಹೊಗೆಯಂತೆ ಹೊರಬಿಡುತ್ತದೆ. ದಪ್ಪ ಜಲ್ಲಿಯ ಮೇಲೆ ಈ ಕೆಲಸ ಸಾಧ್ಯವಿಲ್ಲ. ಪ್ಲೆಕೊಗಳಿಗೆ ತಳಕ್ಕಿಂತ ಅಡಗುತಾಣ ಮುಖ್ಯ: ನೀರಿನಲ್ಲಿ ಮುಳುಗುವ ಮರದ ಕೊರಡು, ಮೀನಿನ ಮೈಗಿಂತ ತುಸು ಮಾತ್ರ ಅಗಲವಾದ ಮಣ್ಣಿನ ಕೊಳವೆ. ಎರಡು ಗಂಡು ಆನ್ಸಿಸ್ಟ್ರಸ್‌ಗಳಿದ್ದರೆ ಕೊಳವೆಗಳು ಮೂರಾದರೂ ಇರಲಿ, ಒಂದರಿಂದೊಂದು ದೂರವಿರಲಿ.

ಆಮ್ಲಜನಕದ ವಿಷಯದಲ್ಲಿ ಈ ಮೀನುಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. ಕೋರಿ ಆಗಾಗ ಬಾಣದಂತೆ ಮೇಲಕ್ಕೆ ಹಾರಿ ಗಾಳಿ ನುಂಗಿ ಮತ್ತೆ ತಳಕ್ಕೆ ಬರುತ್ತದೆ. ಆ ಗಾಳಿಯಿಂದ ಅದರ ಕರುಳು ಆಮ್ಲಜನಕ ಹೀರಿಕೊಳ್ಳುತ್ತದೆ. ಗಂಟೆಗೆ ಕೆಲವು ಸಲ ಹೀಗಾದರೆ ಸಹಜ. ಎಲ್ಲವೂ ನಿಮಿಷಕ್ಕೊಂದು ಸಲ ಹಾರುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಅಥವಾ ಅಮೋನಿಯ ಏರಿದೆ ಎಂದು ತಿಳಿದು ಕೂಡಲೇ ಪರೀಕ್ಷೆ ಮಾಡಬೇಕು. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಆದ್ದರಿಂದ ಸೆಖೆಯ ದಿನಗಳಲ್ಲಿ ಏರ್ ಪಂಪನ್ನು ರಾತ್ರಿಯೂ ನಿಲ್ಲಿಸಬೇಡಿ.

ಮನೆಗೆ ತರುವಾಗ

ಈ ಮೀನುಗಳನ್ನು ಬಲೆಯಲ್ಲಿ ಹಿಡಿಯಬಾರದು. ಹೆದರಿದಾಗ ಎದೆ ಮತ್ತು ಬೆನ್ನಿನ ಮುಳ್ಳುಗಳು ಬಿಚ್ಚಿ ಬಿಗಿದುಕೊಳ್ಳುತ್ತವೆ, ಬಲೆಯ ಎಳೆಗಳು ಅವಕ್ಕೆ ಸಿಕ್ಕಿಕೊಳ್ಳುತ್ತವೆ. ಪ್ಲಾಸ್ಟಿಕ್ ಲೋಟ ಅಥವಾ ಡಬ್ಬವನ್ನು ನೀರಿನೊಳಗೇ ಹಿಡಿದು ಮೀನನ್ನು ಅದರೊಳಕ್ಕೆ ಓಡಿಸಿರಿ. ಒಂದು ವೇಳೆ ಬಲೆಗೆ ಸಿಕ್ಕಿಬಿದ್ದಿದ್ದರೆ ಎಳೆಯಬೇಡಿ. ಮೀನನ್ನು ನೀರಿನಲ್ಲೇ ಇರಿಸಿ ಚಿಕ್ಕ ಕತ್ತರಿಯಿಂದ ಬಲೆಯನ್ನು ಮುಳ್ಳಿನ ಸುತ್ತ ಕತ್ತರಿಸಿರಿ. ಬಲೆ ಹೋದರೆ ಹೋಗಲಿ. ಕೋರಿಗಳ ಮುಳ್ಳು ಚುಚ್ಚಿದರೆ ಸಾಕಷ್ಟು ಉರಿಯುತ್ತದೆ, ಅದರಲ್ಲಿ ಸ್ವಲ್ಪ ವಿಷವಿದೆ. ಒತ್ತಡಕ್ಕೆ ಸಿಕ್ಕ ಕೋರಿಗಳು ಬಿಡುವ ಈ ವಿಷದಿಂದ ಚೀಲದ ನೀರು ಕೆಟ್ಟು ದಾರಿಯಲ್ಲೇ ಎಲ್ಲವೂ ಸಾಯುವುದುಂಟು. ಚೀಲದಲ್ಲಿ ನೀರು ಹೆಚ್ಚಿರಲಿ, ಮೀನು ಕಡಿಮೆಯಿರಲಿ, ಮತ್ತು ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಹೊಸ ಮೀನುಗಳನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದು ರೂಢಿ.

ಆಹಾರ: ಉಳಿದದ್ದನ್ನು ತಿಂದು ಬದುಕುವ ಮೀನಿಲ್ಲ

ಮೇಲಿನ ಮೀನುಗಳು ತಿಂದು ಬಿಟ್ಟದ್ದರಲ್ಲಿ ಕೋರಿ ಬದುಕಿಕೊಳ್ಳುತ್ತದೆ ಎಂಬ ನಂಬಿಕೆಯಿಂದ ಅವು ನಿಧಾನವಾಗಿ ಬಡಕಲಾಗುತ್ತವೆ. ಕೋರಿಗೆ ಬೇಕಾದದ್ದು ಪ್ರೋಟೀನ್: ತಳಕ್ಕೆ ಮುಳುಗುವ ಪೆಲೆಟ್‌ಗಳು, ವಾರಕ್ಕೆರಡು ಸಲ ಫ್ರೀಜ್ ಮಾಡಿದ ರಕ್ತಹುಳು ಅಥವಾ ಡಾಫ್ನಿಯ ಎಂಬ ನೀರುಚಿಗಟ. ದೀಪ ಆರಿಸಿದ ಮೇಲೆ ಹಾಕಿದರೆ ಮೇಲಿನ ಮೀನುಗಳ ಪೈಪೋಟಿ ಇರುವುದಿಲ್ಲ. ಆನ್ಸಿಸ್ಟ್ರಸ್ ಮತ್ತು ಓಟೊಸಿಂಕ್ಲಸ್ ಬಹುಮಟ್ಟಿಗೆ ಸಸ್ಯಾಹಾರಿಗಳು. ಪಾಚಿಯ ಬಿಲ್ಲೆ, ಒಂದೆರಡು ನಿಮಿಷ ಕುದಿಸಿ ತಣಿಸಿದ ಸೌತೆಕಾಯಿ ಅಥವಾ ಸಿಹಿಗೆಣಸಿನ ಬಿಲ್ಲೆಯನ್ನು ಸ್ಟೀಲ್ ಚಮಚಕ್ಕೆ ಚುಚ್ಚಿ ಮುಳುಗಿಸಿದರೆ ರಾತ್ರಿಯೆಲ್ಲ ಮೇಯುತ್ತವೆ. ಬೆಳಗ್ಗೆ ನೋಡಿದರೆ ಸೌತೆಯ ತಿರುಳು ಮಾಯವಾಗಿ ಸಿಪ್ಪೆಯ ಬಳೆಯೊಂದು ಉಳಿದಿರುತ್ತದೆ. ಆ ಬಳೆಯನ್ನು ಹೊರತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ನೀರು ಕೆಡುತ್ತದೆ.

ಪನಾಕೆ ಮತ್ತು ಅದರಂತೆಯೇ ಮರ ಹೆರೆಯುವ ಪನಾಕೊಲಸ್‌ಗಳಿಗೆ ಮರದ ಕೊರಡು ಕಡ್ಡಾಯ. ಆದರೆ ಅವು ಮರದ ನಾರನ್ನೇ ಜೀರ್ಣಿಸಿಕೊಂಡು ಬದುಕುತ್ತವೆಂದು ಬೇರೆ ಆಹಾರ ಕೊಡದೆ ಇರಬಾರದು. ಮರದೊಂದಿಗೆ ತರಕಾರಿಯೂ ಬೇಕು. ಜೀಬ್ರಾ ಪ್ಲೆಕೊ ಇದಕ್ಕೆ ತೀರ ಉಲ್ಟಾ: ಅದಕ್ಕೆ ಪಾಚಿ ಬೇಡ, ಸೀಗಡಿಯಂಥ ಮಾಂಸಾಹಾರ ಬೇಕು, ನೀರು 26ರಿಂದ 30 ಡಿಗ್ರಿ ಇರಬೇಕು, ರಭಸವಾದ ಹರಿವೂ ಬೇಕು.

ಪ್ಲೆಕೊ ತೊಟ್ಟಿಯನ್ನು ಸ್ವಚ್ಛ ಮಾಡುತ್ತದೆ ಎಂಬ ಮಾತಿಗೆ ಉತ್ತರ ಫಿಲ್ಟರ್ ಬಿಚ್ಚಿದಾಗ ಕಾಣಿಸುತ್ತದೆ. ಒಂದು ದೊಡ್ಡ ಪ್ಲೆಕೊ ಹಾಕುವ ಹಿಕ್ಕೆ, ಅದು ತಿನ್ನುವ ಪಾಚಿಗಿಂತ ಎಷ್ಟೋ ಪಾಲು ಹೆಚ್ಚು. ಇಂಥ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು, ತಳವನ್ನು ಸೈಫನ್ ಪೈಪಿನಿಂದ ಎಳೆಯಬೇಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಆಸುಪಾಸಿನಲ್ಲಿ ನಿಂತರೆ ನೀರು ಬದಲಿಸುವ ಲಯ ಸರಿಯಿದೆ ಎಂದುಕೊಳ್ಳಬಹುದು.

ತೊಂದರೆಗಳು

ಕೋರಿಯ ಮೀಸೆ ಸವೆಯುವುದಕ್ಕೆ ಜನ ಚೂಪಾದ ಜಲ್ಲಿಯನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಅಪರಾಧಿ ಜಲ್ಲಿಯ ಸಂದುಗಳಲ್ಲಿ ಕೊಳೆಯುವ ಆಹಾರ. ತಳ ಶುದ್ಧವಾದರೆ ಬುಡ ಉಳಿದಿರುವ ಮೀಸೆ ಮತ್ತೆ ಚಿಗುರುತ್ತದೆ. ಬಿಳಿ ಚುಕ್ಕೆ ರೋಗಕ್ಕೆ ನೀರಿನ ಉಷ್ಣತೆ ಏರಿಸುವ ಚಿಕಿತ್ಸೆಯನ್ನು ಪಾಂಡಾ, ಪೇಲಿಯೇಟಮ್‌ಗಳಿರುವ ತೊಟ್ಟಿಯಲ್ಲಿ ಮಾಡುವುದು ಅಪಾಯಕರ. ತಾಮ್ರ ಬೆರೆತ ಔಷಧಗಳನ್ನು ಈ ಮೀನುಗಳಿಗೆ ಹಾಕದಿರುವುದೇ ಒಳಿತು, ಉಪ್ಪಿನಲ್ಲೂ ಕೈ ಬಿಗಿಹಿಡಿಯಬೇಕು. ಕವಚ ಹೊರಗಿನ ಏಟಿಗೆ ಗುರಾಣಿಯೇ ಹೊರತು, ನೀರಿನಲ್ಲಿ ಕರಗಿದ್ದು ಕಿವಿರಿನ ಮೂಲಕ ಒಳಗೆ ಹೋಗುವುದನ್ನು ಅದು ತಡೆಯುವುದಿಲ್ಲ.

ಮೊಟ್ಟೆ, ಮರಿ

ನೀರು ಚೆನ್ನಾಗಿದ್ದರೆ ಕೋರಿ, ಆನ್ಸಿಸ್ಟ್ರಸ್ ಎರಡೂ ತಾವಾಗಿಯೇ ಮೊಟ್ಟೆಯಿಡುತ್ತವೆ. ಕೋರಿಗಳನ್ನು ಮೇಲಿನಿಂದ ನೋಡಿದಾಗ ಹೆಣ್ಣು ಅಗಲವಾಗಿ ಕಾಣುತ್ತದೆ. ಎರಡು ಮೂರು ಡಿಗ್ರಿ ತಣ್ಣಗಿನ ನೀರಿನಿಂದ ಅರ್ಧ ತೊಟ್ಟಿ ಬದಲಿಸಿದರೆ, ಮಳೆಗಾಲ ಬಂತೆಂದು ಬಗೆದು ಮಾರನೆಯ ದಿನವೇ ಗಾಜಿನ ಮೇಲೆ ಮೊಟ್ಟೆ ಅಂಟಿಸುತ್ತವೆ. ಹೆಣ್ಣು ಒಂದು ಸಲಕ್ಕೆ ಕೆಲವೇ ಮೊಟ್ಟೆಗಳನ್ನು ಹೊಟ್ಟೆಯ ರೆಕ್ಕೆಗಳ ನಡುವೆ ಬೊಗಸೆಯಲ್ಲಿಟ್ಟಂತೆ ಹೊತ್ತು ಜಾಗ ಹುಡುಕುತ್ತದೆ. ಬಳಿಕ ಪೋಷಕರೇ ಮೊಟ್ಟೆ ತಿನ್ನುವುದರಿಂದ, ಅವನ್ನು ಬೆರಳಿನಿಂದ ಉರುಳಿಸಿ ಬಿಡಿಸಿ ಬೇರೆ ಪಾತ್ರೆಗೆ ಹಾಕಬೇಕು. ಮೂರರಿಂದ ಐದು ದಿನಗಳಲ್ಲಿ ಒಡೆಯುತ್ತವೆ. ಆನ್ಸಿಸ್ಟ್ರಸ್‌ನಲ್ಲಿ ಈ ತಾಪತ್ರಯವಿಲ್ಲ. ಗಂಡು ಕೊಳವೆಯೊಳಗೆ ಕಿತ್ತಳೆ ಬಣ್ಣದ ಮೊಟ್ಟೆಗೊಂಚಲಿನ ಮೇಲೆ ಕುಳಿತು ರೆಕ್ಕೆಯಿಂದ ಗಾಳಿ ಬೀಸುತ್ತ, ಮರಿಗಳು ಹೊಟ್ಟೆಗಂಟಿದ ಹಳದಿಯನ್ನು ಮುಗಿಸುವವರೆಗೂ ಕಾಯುತ್ತದೆ. ಆ ದಿನಗಳಲ್ಲಿ ಕೊಳವೆಯನ್ನು ಎತ್ತಿ ನೋಡುವ ಆಸೆಯನ್ನು ತಡೆದುಕೊಳ್ಳಿ.

ತೊಟ್ಟಿ ಮೀರಿ ಬೆಳೆದ ಪ್ಲೆಕೊವನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಾಗ ಕೆರೆಗೋ ಹೊಳೆಗೋ ಬಿಡುವ ಯೋಚನೆಯನ್ನೇ ಮಾಡಬಾರದು. ಹೀಗೆ ಬಿಟ್ಟ ಟೆರಿಗೊಪ್ಲಿಕ್ತಿಸ್‌ಗಳು ಫ್ಲಾರಿಡಾ, ಮೆಕ್ಸಿಕೊ, ಫಿಲಿಪ್ಪೀನ್ಸ್, ಭಾರತ, ಬಾಂಗ್ಲಾದೇಶಗಳ ನೀರಿನಲ್ಲಿ ನೆಲೆಸಿವೆ. ಗಂಡುಗಳು ಮೊಟ್ಟೆಗಾಗಿ ದಂಡೆಯಲ್ಲಿ ಕೊರೆಯುವ ಬಿಲಗಳಿಂದ ದಂಡೆಗಳು ಕುಸಿಯುತ್ತವೆ, ಮೀನುಗಾರರ ಬಲೆಗಳು ಅವುಗಳ ಮುಳ್ಳಿಗೆ ಸಿಕ್ಕಿ ಹರಿಯುತ್ತವೆ. ದೊಡ್ಡ ತೊಟ್ಟಿಯಿರುವ ಇನ್ನೊಬ್ಬ ಸಾಕಣೆದಾರರನ್ನು ಹುಡುಕುವುದು, ಅಂಗಡಿಗೆ ಹಿಂದಿರುಗಿಸುವುದು ಇವೆರಡೇ ದಾರಿ. ಹಾಗೆ ಕೊಡುವಾಗ ಬೆನ್ನುರೆಕ್ಕೆಯ ಕಡ್ಡಿಗಳನ್ನು ಎಣಿಸಿದ ಫೋಟೊವನ್ನೂ ಜೊತೆಗೆ ಕೊಡಿ, ಪಡೆಯುವವರಿಗೆ ಅದು ಯಾವ ಮೀನೆಂದು ಮೊದಲ ದಿನವೇ ಗೊತ್ತಿರಲಿ.